ಬಾಗಿಲೂ ತೆಗಿ, ಚಪ್ಪಲಿಯೂ ತೆಗಿ: 'ಟೇಕ್ ಆಫ್' ಕಲಿಯಲು ಒಂದು ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಕೋಲ್ಕತ್ತಾದ ಒಬ್ಬರು ಕೂರುತ್ತಿದ್ದರು. ವಯಸ್ಸಿನಲ್ಲಿ ನಮಗಿಂತ ದೊಡ್ಡವರು. ಹಾಗಾಗಿ ಎಲ್ಲರಿಗೂ ಅವರು 'ದಾದಾ'. ಒಂದು ಭಾನುವಾರ ಊಟಕ್ಕೆ ಕರೆದರು. ಬಾಗಿಲಲ್ಲಿ ನಿಂತು ನಗುನಗುತ್ತಾ 'ಪ್ಲೀಸ್, ಓಪನ್ ಯುವರ್ ಶೂಸ್' ಎಂದರು. ನನಗೆ ಒಳಗೊಳಗೇ ನಗು. ಶೂ ಏನು ಉಪ್ಪಿನಕಾಯಿ ಜಾಡಿಯಾ, ಓಪನ್ ಮಾಡೋಕೆ?

ಊಟ ಆಯಿತು. ಎಲ್ಲರೂ ಸಾಲಾಗಿ ನಿಂತೆವು. ನಾನು ಫೋನನ್ನು ಅವರ ಮಗಳ ಕೈಗೆ ಕೊಟ್ಟು 'ರಿಮೂವ್ ಒನ್ ಫೋಟೋ' ಅಂದೆ. ಆ ಹುಡುಗಿ ಗ್ಯಾಲರಿ ತೆರೆದು 'ವಿಚ್ ಒನ್, ಅಂಕಲ್?' ಎಂದಳು. ಯಾವ ಫೋಟೋ ಅಳಿಸಬೇಕು ಅಂತ!

ಇಬ್ಬರೂ ಎಡವಿದ್ದು ಒಂದೇ ಕಲ್ಲಿಗೆ. ಬಂಗಾಳಿಯಲ್ಲಿ ಬಾಗಿಲು ತೆಗೆಯುವುದಕ್ಕೂ 'ಖೋಲಾ', ಶೂ ಬಿಚ್ಚುವುದಕ್ಕೂ 'ಖೋಲಾ'. 'ದೊರ್ಜಾ ಖೋಲೋ' ಅಂದರೆ ಬಾಗಿಲು ತೆಗಿ. 'ಜುತೋ ಖೋಲೋ' ಅಂದರೆ ಶೂ ತೆಗಿ. ನಮ್ಮ 'ತೆಗೆ' ಇನ್ನೂ ಒಂದು ಕೈ ಮೇಲೆ. ಬಾಗಿಲು, ಶೂ ಸಾಲದು ಅಂತ ಫೋಟೋವನ್ನೂ ಅದೇ ತೆಗೆಯುತ್ತದೆ. ಇಂಗ್ಲಿಷಿನವರು ಈ ಮೂರಕ್ಕೂ ಬೇರೆ ಬೇರೆ ಮಾತು ಇಟ್ಟುಕೊಂಡಿದ್ದಾರೆ: 'ಓಪನ್', 'ಟೇಕ್ ಆಫ್', 'ಟೇಕ್'.

ಅವತ್ತಿನಿಂದ ದಾದಾ ಮತ್ತು ನಾನು ಊಟದ ವಿರಾಮದಲ್ಲಿ ಇದೇ ಆಟ ಆಡತೊಡಗಿದೆವು. ಒಂದು ಇಂಗ್ಲಿಷ್ ಮಾತು, ಅದಕ್ಕೆ ಅವರ ಬಂಗಾಳಿ, ನನ್ನ ಕನ್ನಡ. ಆ ಆಟದಿಂದ ಹುಟ್ಟಿದ ಕಲಿಯುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹಿಡಿದುಕೊಂಡಿರುವುದು 'ಟೇಕ್ ಆಫ್' ಒಂದನ್ನೇ. ಕ್ರಿಯಾಪದಕ್ಕೆ ಆಫ್, ಅಪ್ ಥರದ ಚಿಕ್ಕ ಮಾತು ಸೇರಿದ ಇಂಥ ಜೋಡಿಗೆ ಇಂಗ್ಲಿಷಿನಲ್ಲಿ 'ಫ್ರೇಸಲ್ ವರ್ಬ್' ಅನ್ನುತ್ತಾರೆ. ನೂರು ಫ್ರೇಸಲ್ ವರ್ಬ್‌ಗಳ ಪಟ್ಟಿ ಉರು ಹೊಡೆಯುವುದಕ್ಕಿಂತ ಒಂದನ್ನು ಬೇರು ಸಮೇತ ನೋಡುವುದು ವಾಸಿ.

ಹೆಜ್ಜೆ 1: ಇಂಗ್ಲಿಷ್ ಪಕ್ಕಕ್ಕಿಡಿ, 'ತೆಗೆ'ಯನ್ನು ನೋಡಿ

ಒಂದು ಹಾಳೆ ತೆಗೆದುಕೊಳ್ಳಿ. 'ತೆಗೆ' ಬರುವ ಹತ್ತು ಮಾತು ಬರೆಯಿರಿ. ನಾನು ಬರೆದದ್ದರಲ್ಲಿ ಕೆಲವು ಹೀಗಿದ್ದವು: ಅಂಗಡಿ ತೆಗೆದ. ಹಾಲಿನ ಕೆನೆ ತೆಗೆ. ಮಾರ್ಕ್ಸ್ ಚೆನ್ನಾಗಿ ತೆಗೆದಳು. ಸುಮ್ನೆ ಜಗಳ ತೆಗೀಬೇಡ. ಎಲ್ಲರ ಮುಂದೆ ಮರ್ಯಾದೆ ತೆಗೆದ. ಬೆಳಗ್ಗೆಯಿಂದ ಪ್ರಾಣ ತೆಗೀತಿದ್ದಾನೆ. ಅವನನ್ನು ಕೆಲಸದಿಂದ ತೆಗೆದರು.

ಅಂಗಡಿ ತೆಗೆಯುವುದು ಶುರು ಮಾಡುವುದು. ಮರ್ಯಾದೆ ತೆಗೆಯುವುದು ಕಳೆಯುವುದು. ಮಾರ್ಕ್ಸ್ ತೆಗೆಯುವುದು ಗಳಿಸುವುದು. ಇಷ್ಟೊಂದು ಅರ್ಥವನ್ನು ನಮಗೆ ಯಾರು ಪಟ್ಟಿ ಮಾಡಿ ಕಲಿಸಿದರು? ಯಾರೂ ಇಲ್ಲ. 'ತೆಗೆ' ಎಂಬ ಮಾತಿನ ಮುಂಚೆ ಏನಿದೆ ಅಂತ ಕಿವಿ ನೋಡಿಕೊಂಡಿತು, ಅರ್ಥ ತಾನೇ ಹೊಳೆಯಿತು. 'ಟೇಕ್ ಆಫ್' ಕಲಿಯುವುದೂ ಹೀಗೇ. ಅದರ ಜೊತೆ ಯಾರಿದ್ದಾರೆ, ಏನಿದೆ ಅಂತ ನೋಡಬೇಕು.

ಈಗ 'ತೆಗೆ'ಗೆ ಬಾಲ ಹಚ್ಚಿ. ತೆಗೆದುಕೋ, ತೆಗೆದುಹಾಕು, ತೆಗೆದಿಡು, ತೆಗೆದುಬಿಡು. ಬಾಲ ಬದಲಾದ ಹಾಗೆ ಅರ್ಥವೂ ಬದಲಾಯಿತು, ಅಲ್ವಾ? 'ಕೋ' ಬಂದರೆ ವಸ್ತು ನನ್ನ ಕಡೆಗೆ ಬಂತು. 'ಹಾಕು' ಬಂದರೆ ಆಚೆ ಹೋಯಿತು. 'ಇಡು' ಬಂದರೆ ಮುಂದಕ್ಕೆ ಬೇಕಾಗುತ್ತದೆ ಅಂತ ಜೋಪಾನವಾಯಿತು.

ಬಂಗಾಳಿಯಲ್ಲೂ ಇಂಥದ್ದೇ ಏರ್ಪಾಡು. 'ಫ್ಯಾಲಾ' ಅಂದರೆ ಎಸೆಯುವುದು. 'ಖುಲೆ ಫ್ಯಾಲಾ' ಅಂದರೆ ಬಿಚ್ಚಿಹಾಕುವುದು. 'ಪಡಾ' ಅಂದರೆ ಬೀಳುವುದು. 'ಬೊಶೆ ಪಡಾ', ಮಾತಿಗೆ ಮಾತು ಇಟ್ಟರೆ 'ಕೂತು ಬೀಳುವುದು', ಅರ್ಥ ಕೂತುಬಿಡುವುದು. ತಮಾಷೆ ಅಂದರೆ ಏಳುವುದಕ್ಕೂ ಅವರು ಬೀಳುತ್ತಾರೆ: 'ಉಠೆ ಪಡೋ', ಎದ್ದೇಳು. ಇದನ್ನು ಕೇಳಿ ನಾನು ನಕ್ಕಾಗ ದಾದಾ ತಿರುಗಿಸಿ ಕೇಳಿದರು, 'ನೀವು ತಿಂದು ಹಾಕ್ತೀರಲ್ಲ, ತಿಂದದ್ದನ್ನು ಎಲ್ಲಿಗೆ ಹಾಕ್ತೀರಿ?' ನನ್ನ ಹತ್ತಿರ ಉತ್ತರ ಇರಲಿಲ್ಲ.

ಕನ್ನಡ, ಬಂಗಾಳಿಗಳು ಕ್ರಿಯಾಪದಕ್ಕೆ ಇನ್ನೊಂದು ಕ್ರಿಯಾಪದವನ್ನೇ ಬಾಲವಾಗಿ ಹಚ್ಚುತ್ತವೆ. ಇಂಗ್ಲಿಷ್ ಆಫ್, ಅಪ್, ಔಟ್, ಡೌನ್ ಎಂಬ ದಿಕ್ಕಿನ ಮಾತುಗಳನ್ನು ಹಚ್ಚುತ್ತದೆ. ವ್ಯತ್ಯಾಸ ಇಷ್ಟೇ. 1755ರಲ್ಲಿ ಇಂಗ್ಲಿಷ್ ನಿಘಂಟು ತಂದ ಸ್ಯಾಮ್ಯುಯೆಲ್ ಜಾನ್ಸನ್ ಮುನ್ನುಡಿಯಲ್ಲೇ ಇದರ ಬಗ್ಗೆ ಬರೆದಿದ್ದ. ಪರದೇಶದವರಿಗೆ ಅತಿ ಜಾಸ್ತಿ ಕಷ್ಟ ಕೊಡುವುದು ಈ ಬಾಲದ ಮಾತುಗಳೇ ಅಂತ. 'ಫ್ರೇಸಲ್ ವರ್ಬ್' ಎಂಬ ಹೆಸರು ಬಳಕೆಗೆ ಬಂದದ್ದು ಬಹಳ ತಡವಾಗಿ. ಲೋಗನ್ ಪಿಯರ್ಸಾಲ್ ಸ್ಮಿತ್ ಎಂಬ ಲೇಖಕ 1925ರಲ್ಲಿ ಅದನ್ನು ಬಳಸಿದ. ಹೆಸರು ಸೂಚಿಸಿದ್ದು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರಾಡ್ಲಿ. ಅಂದರೆ ಹೆಸರಿಡುವ ಎಷ್ಟೋ ಮೊದಲೇ ಜನ ಇದಕ್ಕೆ ಹೆದರಿದ್ದರು.

ಹೆಜ್ಜೆ 2: 'ಆಫ್' ಎಂಬ ಚಿಕ್ಕ ಮಾತಿನ ಚಿತ್ರ ಬರೆದುಕೊಳ್ಳಿ

ಅಂಗೈಯನ್ನು ಮೇಜಿನ ಮೇಲಿಡಿ. ಈಗ ಎತ್ತಿ. ಇದೇ 'ಆಫ್'. ಒಂದಕ್ಕೊಂದು ತಾಗಿಕೊಂಡಿದ್ದವು ಬೇರೆಯಾದವು. ಇಡುವುದು 'ಆನ್', ಎತ್ತುವುದು 'ಆಫ್'. ಶೂ ಹಾಕಿಕೊಳ್ಳುವುದು 'ಪುಟ್ ಆನ್', ಬಿಚ್ಚುವುದು 'ಟೇಕ್ ಆಫ್'.

'ಆಫ್' ಮತ್ತು ಒಂದೇ ಎಫ್ ಇರುವ 'ಆವ್' ಹಳೆಯ ಇಂಗ್ಲಿಷಿನಲ್ಲಿ ಒಂದೇ ಪದ. ಒತ್ತಿ ಹೇಳಿದಾಗ ಒಂದು ರೂಪ, ಹಗುರವಾಗಿ ಹೇಳಿದಾಗ ಇನ್ನೊಂದು. ಆಮೇಲೆ ಎರಡೂ ಬೇರೆ ಮನೆ ಮಾಡಿಕೊಂಡವು. 'ಟೇಕ್' ಅಂತೂ ಇಂಗ್ಲಿಷಿನ ಸ್ವಂತ ಪದವೂ ಅಲ್ಲ. ಹಡಗಿನಲ್ಲಿ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ ವೈಕಿಂಗರ ನಾರ್ಸ್ ಭಾಷೆಯ 'ತಾಕಾ'. ಮೊದಲು ಅಲ್ಲಿದ್ದ ಪದ 'ನಿಮನ್'. ಅದರ ಕುರುಹು 'ನಂಬ್' ಎಂಬ ಮಾತಿನಲ್ಲಿ ಉಳಿದಿದೆ. ಬರೆಯುವಾಗ ಕೊನೆಗೆ ಬಿ ಇದೆ, ಹೇಳುವಾಗ 'ನಮ್' ಅಷ್ಟೇ. ಅಂದರೆ ಏನೋ ಹಿಡಿದುಕೊಂಡದ್ದು, ಮರಗಟ್ಟಿದ್ದು. ನಾವು ಕಾಲಿಗೆ ಜೋಮು 'ಹಿಡಿಯಿತು' ಅನ್ನುತ್ತೇವಲ್ಲ, ಅದೇ ಯೋಚನೆ.

ಉಚ್ಚಾರದ ಒಂದು ಎಚ್ಚರಿಕೆ. ನಮ್ಮಲ್ಲಿ ತುಂಬ ಜನ ಮಾತಿನ ಮೊದಲಿನ 'ಹ' ನುಂಗುತ್ತೇವೆ. 'ಹಾಫ್ ಡೇ' ಹೋಗಿ 'ಆಫ್ ಡೇ' ಆಗುತ್ತದೆ. 'ಸಾರ್, ನಾಳೆ ನನಗೆ ಆಫ್ ಡೇ ಬೇಕು' ಅಂದರೆ ಅರ್ಧ ದಿನವೋ ಇಡೀ ದಿನವೋ? ಮ್ಯಾನೇಜರ್ ತನಗೆ ಅನುಕೂಲವಾದದ್ದನ್ನೇ ಅರ್ಥ ಮಾಡಿಕೊಳ್ಳುತ್ತಾರೆ.

ಹೆಜ್ಜೆ 3: 'ಏನನ್ನು?' ಅಂತ ಕೇಳಿ

ವಾಕ್ಯದಲ್ಲಿ 'ಟೇಕ್ ಆಫ್' ಕಂಡ ತಕ್ಷಣ ಈ ಒಂದು ಪ್ರಶ್ನೆ ಹಾಕಿ. ಏನನ್ನು ಟೇಕ್ ಆಫ್ ಮಾಡಿದರು? ಉತ್ತರ ಸಿಕ್ಕರೆ ಅದು 'ತೆಗೆಯುವ' ಕುಟುಂಬ: ಶೂ, ಕನ್ನಡಕ, ಮುಚ್ಚಳ, ಬೆಲೆಯಲ್ಲಿ 50 ರೂಪಾಯಿ, ಸೋಮವಾರ. ಉತ್ತರ ಸಿಗದಿದ್ದರೆ ಅದು 'ಏಳುವ' ಕುಟುಂಬ: ವಿಮಾನ ಎದ್ದಿತು, ವ್ಯಾಪಾರ ಎದ್ದಿತು, ಆಸಾಮಿ ಎದ್ದು ಓಡಿದ. ಅರ್ಥಗಳು ಹತ್ತಿರುವ ಹಾಗೆ ಕಂಡರೂ ಕುಟುಂಬ ಎರಡೇ.

ಹೆಜ್ಜೆ 4: 'ಅದು' ಬಂದರೆ ನಡುವೆ ಕೂರಿಸಿ

ಇದು ತೆಗೆಯುವ ಕುಟುಂಬಕ್ಕೆ ಮಾತ್ರ. 'ಟೇಕ್ ಆಫ್ ಯುವರ್ ಶೂಸ್' ಸರಿ. 'ಟೇಕ್ ಯುವರ್ ಶೂಸ್ ಆಫ್' ಕೂಡ ಸರಿ. ಆದರೆ ಶೂ ಬದಲು 'ದೆಮ್' ಅಥವಾ 'ಇಟ್' ಬಂದರೆ ಒಂದೇ ದಾರಿ: 'ಟೇಕ್ ದೆಮ್ ಆಫ್', 'ಟೇಕ್ ಇಟ್ ಆಫ್'. 'ಟೇಕ್ ಆಫ್ ದೆಮ್' ತಪ್ಪು.

ನಮಗೆ ಇದು ಯಾಕೆ ತೊಡಕು ಅಂದರೆ ನಮ್ಮ ಬಾಲ ಎಲ್ಲಿಗೂ ಅಲುಗಾಡುವುದಿಲ್ಲ. 'ಅದನ್ನು ತೆಗೆದುಹಾಕು' ಅನ್ನುತ್ತೇವೆ. 'ತೆಗೆದು ಅದನ್ನು ಹಾಕು' ಅಂದರೆ ಬೇರೆಯೇ ಕೆಲಸ ಹೇಳಿದ ಹಾಗೆ. ಬಂಗಾಳಿಯವರಿಗೂ ಇದೇ ಪಾಡು. ನಾನು ಹೇಳಿಕೊಡುವ ಉಪಾಯ ಒಂದಿದೆ. ಬಸ್ಸಿನಲ್ಲಿ ಮೂರು ಜನರ ಸೀಟು ನೆನೆಸಿಕೊಳ್ಳಿ. ಸಣ್ಣ ಮಗುವನ್ನು ಯಾವತ್ತೂ ನಡುವೆ ಕೂರಿಸುತ್ತೇವೆ. 'ಇಟ್', 'ದೆಮ್', 'ಹಿಮ್' ಸಣ್ಣ ಮಕ್ಕಳು. ದೊಡ್ಡವರು ಎಲ್ಲಿ ಬೇಕಾದರೂ ಕೂರಲಿ. ತುಂಬ ಉದ್ದದವರು, ಅಂದರೆ 'ದ ಶೂಸ್ ದಟ್ ಯು ಬಾಟ್ ಲಾಸ್ಟ್ ವೀಕ್' ಥರದವರು, ನಡುವೆ ಹಿಡಿಸುವುದಿಲ್ಲ. ಅವರಿಗೆ ಕೊನೆಯ ಸೀಟು.

ಹೆಜ್ಜೆ 5: ಅರ್ಥಗಳನ್ನು ಒಂದೊಂದಾಗಿ ಮಾತಾಡಿಸಿ

*ಮೈಮೇಲಿಂದ ತೆಗೆಯುವುದು.* ಇದೇ ಬುಡದ ಅರ್ಥ. ಬಟ್ಟೆ, ಶೂ, ವಾಚು, ಉಂಗುರ, ಹೆಲ್ಮೆಟ್, ಕನ್ನಡಕ, ಮೇಕಪ್, ಬ್ಯಾಂಡೇಜ್ ಎಲ್ಲಕ್ಕೂ 'ಟೇಕ್ ಆಫ್' ನಡೆಯುತ್ತದೆ. ಪಾತ್ರೆಯ ಮುಚ್ಚಳಕ್ಕೂ ನಡೆಯುತ್ತದೆ, ಅದು ಪಾತ್ರೆಯ ಟೋಪಿ ತಾನೆ?

ಇಲ್ಲಿ ನಮ್ಮ 'ಬಿಚ್ಚು' ಒಂದು ಹಳ್ಳ ತೋಡುತ್ತದೆ. ಗಂಟು ಬಿಚ್ಚು, ಗುಂಡಿ ಬಿಚ್ಚು, ಬಟ್ಟೆ ಬಿಚ್ಚು, ಎಲ್ಲಕ್ಕೂ ಅದೇ ಮಾತು. ಇಂಗ್ಲಿಷಿನಲ್ಲಿ ಶೂ ಲೇಸಿನ ಗಂಟು ಬಿಚ್ಚುವುದು 'ಅನ್‌ಟೈ', ಗುಂಡಿ ಬಿಚ್ಚುವುದು 'ಅನ್‌ಬಟನ್' ಅಥವಾ 'ಅನ್‌ಡೂ'. ಇಡೀ ಅಂಗಿ ಮೈಯಿಂದ ಕಳಚಿದಾಗ ಮಾತ್ರ 'ಟೇಕ್ ಆಫ್'. ಡಾಕ್ಟರ್ 'ಅನ್‌ಬಟನ್ ಯುವರ್ ಶರ್ಟ್' ಅಂದಾಗ ಪೂರ್ತಿ ಕಳಚಿ ಕೂತವರನ್ನು ನಾನು ಬಲ್ಲೆ. ಯಾರು ಅಂತ ಕೇಳಬೇಡಿ.

ಹಾಗಾದರೆ 'ರಿಮೂವ್' ತಪ್ಪಾ? ತಪ್ಪಲ್ಲ. ದೇವಸ್ಥಾನದ ಬೋರ್ಡಿನಲ್ಲಿ 'ಪ್ಲೀಸ್ ರಿಮೂವ್ ಯುವರ್ ಫುಟ್‌ವೇರ್' ಅಂತಲೇ ಬರೆಯಬೇಕು. ಅದು ಬೋರ್ಡಿನ ಭಾಷೆ. ಮನೆಗೆ ಬಂದ ನೆಂಟರಿಗೆ ಹಾಗೆ ಹೇಳಿದರೆ ನೀವೂ ಬೋರ್ಡಿನ ಹಾಗೆ ಕೇಳಿಸುತ್ತೀರಿ. ಮಾತಿಗೆ 'ಟೇಕ್ ಆಫ್'.

*ವಿಮಾನ ಏಳುವುದು.* 'ದ ಪ್ಲೇನ್ ಟುಕ್ ಆಫ್ ಅಟ್ ಸಿಕ್ಸ್.' ನೆಲ ಮತ್ತು ಚಕ್ರ ಬೇರೆಯಾದವು, ಅಂಗೈ ಮೇಜಿನಿಂದ ಎದ್ದ ಹಾಗೆ. ಹಕ್ಕಿಗೂ ಹೆಲಿಕಾಪ್ಟರಿಗೂ ಇದೇ ಮಾತು. ಬಸ್ಸು, ರೈಲಿಗೆ ಬೇಡ. ಬಸ್ಸು 'ಎಷ್ಟು ಗಂಟೆಗೆ ಬಿಡುತ್ತೆ?' ಅಂತ ನಾವು ಕೇಳುತ್ತೇವೆ. ಬಂಗಾಳಿಯವರ 'ಛಾಡಾ' ಕೂಡ ಬಿಡುವುದೇ. ಅದಕ್ಕೆ ಇಂಗ್ಲಿಷಿನಲ್ಲಿ 'ಲೀವ್'. ವಿಮಾನದ ವಿಷಯದಲ್ಲಿ ಎರಡೂ ಬೇಕು. ದೇವನಹಳ್ಳಿಯ ಏರ್‌ಪೋರ್ಟಿನ ಬೋರ್ಡಿನಲ್ಲಿ ಕಾಣುವ ಡಿಪಾರ್ಚರ್ ಸಮಯ ವಿಮಾನ ತನ್ನ ಜಾಗ ಬಿಟ್ಟು ಹೊರಡಬೇಕಾದ ಹೊತ್ತು. ಆಮೇಲೆ ಅದು ನಿಧಾನವಾಗಿ ರನ್‌ವೇ ತನಕ ಸಾಗಿ, ಸರದಿ ಕಾದು, ಆಮೇಲೆ ಟೇಕ್ ಆಫ್ ಆಗುತ್ತದೆ. ಹಾಗಾಗಿ 'ಇಟ್ ಲೆಫ್ಟ್ ಅಟ್ ಸಿಕ್ಸ್ ಬಟ್ ಟುಕ್ ಆಫ್ ಅಟ್ ಸಿಕ್ಸ್ ಟ್ವೆಂಟಿ' ಅನ್ನುವುದರಲ್ಲಿ ವಿರೋಧವೇನೂ ಇಲ್ಲ.

ಈ ಮಾತಿನ ಬಗ್ಗೆ ಒಂದು ಭಯಂಕರ ಕಥೆಯೂ ಇದೆ. 1977ರ ಮಾರ್ಚ್ 27. ಸ್ಪೇನಿಗೆ ಸೇರಿದ ಟೆನೆರೀಫ್ ದ್ವೀಪದ ಲಾಸ್ ರೊಡಿಯೋಸ್ ಏರ್‌ಪೋರ್ಟ್. ದಟ್ಟ ಮಂಜು. ಎರಡು ಬೋಯಿಂಗ್ 747 ವಿಮಾನಗಳು ಒಂದೇ ರನ್‌ವೇಯಲ್ಲಿ. ಡಚ್ ವಿಮಾನದಿಂದ ರೇಡಿಯೋದಲ್ಲಿ ಬಂದ ಮಾತು 'ವಿ ಆರ್ ನೌ ಅಟ್ ಟೇಕ್-ಆಫ್'. ಹೇಳಿದವರ ಮನಸ್ಸಿನಲ್ಲಿದ್ದದ್ದು 'ನಾವು ಟೇಕ್ ಆಫ್ ಮಾಡುತ್ತಿದ್ದೇವೆ'. ಕಂಟ್ರೋಲ್ ಟವರಿನವರು ತಿಳಿದುಕೊಂಡದ್ದು 'ಟೇಕ್ ಆಫ್ ಮಾಡುವ ಜಾಗದಲ್ಲಿ ನಿಂತಿದ್ದೇವೆ'. ಅವರ ಉತ್ತರದ ಮುಖ್ಯ ಭಾಗ ಇನ್ನೊಂದು ರೇಡಿಯೋ ಮಾತಿನ ಜೊತೆ ಸಿಕ್ಕಿ ಕಲಸಿಹೋಯಿತು. ಡಚ್ ವಿಮಾನ ಓಡುತ್ತಾ ಬಂದು ಅಮೆರಿಕದ ವಿಮಾನಕ್ಕೆ ಗುದ್ದಿತು. 583 ಜನ ಸತ್ತರು. ವಿಮಾನಯಾನದ ಇತಿಹಾಸದಲ್ಲಿ ಅಷ್ಟು ಜನ ಸತ್ತ ಅಪಘಾತ ಇನ್ನೊಂದಿಲ್ಲ.

ಕಾರಣ ಒಂದೇ ಅಲ್ಲ. ಮಂಜು, ಅವಸರ, ಜಾಗದ ಇಕ್ಕಟ್ಟು ಎಲ್ಲವೂ ಇತ್ತು. ಆದರೆ 'ಅಟ್ ಟೇಕ್-ಆಫ್' ಎಂಬ ವಿಚಿತ್ರ ಜೋಡಣೆಯಲ್ಲಿ ಡಚ್ ಭಾಷೆಯ ನೆರಳಿದೆ ಅಂತ ಭಾಷೆ ಬಲ್ಲವರು ವಿವರಿಸಿದ್ದಾರೆ. ಮಾಡುತ್ತಿರುವ ಕೆಲಸವನ್ನು ಹೇಳಲು ಡಚ್ಚಿನಲ್ಲಿ 'ಅಟ್' ಥರದ ಒಂದು ಪದ ಬರುತ್ತದೆ. ದಾದಾ 'ಓಪನ್ ಯುವರ್ ಶೂಸ್' ಅಂದದ್ದೂ ಇದೇ ರೀತಿ, ಅಲ್ಲಿ ಕಳೆದದ್ದು ಒಂದು ನಗು ಮಾತ್ರ. ಆ ಅಪಘಾತದ ನಂತರ ವಿಮಾನಗಳ ರೇಡಿಯೋ ಮಾತಿನ ನಿಯಮ ಬಿಗಿಯಾಯಿತು. ಏಳಲು ಅನುಮತಿ ಕೊಡುವಾಗ ಅಥವಾ ಕೊಟ್ಟದ್ದನ್ನು ರದ್ದು ಮಾಡುವಾಗ ಮಾತ್ರ 'ಟೇಕ್-ಆಫ್' ಎಂಬ ಪದ ಬರಬೇಕು. ಬೇರೆ ಎಲ್ಲ ಕಡೆ 'ಡಿಪಾರ್ಚರ್'.

*ಎದ್ದು ಓಡುವುದು.* 'ಹಿ ಸಾ ದ ಪೊಲೀಸ್ ಅಂಡ್ ಟುಕ್ ಆಫ್.' ಕಾಲಿಗೆ ಬುದ್ಧಿ ಹೇಳಿದ, ಕಂಬಿ ಕಿತ್ತ. ಬಂಗಾಳಿಯಲ್ಲಿ ಇದಕ್ಕೆ 'ಕೆಟೆ ಪಡಾ', ಕತ್ತರಿಸಿಕೊಂಡು ಬೀಳುವುದು. ಪಾರ್ಟಿಯಿಂದ ಯಾರಿಗೂ ಹೇಳದೆ ಜಾಗ ಖಾಲಿ ಮಾಡುವುದಕ್ಕೂ ಅದೇ. ಇದು ಸಲಿಗೆಯ ಮಾತು. ಗೆಳೆಯರ ಹತ್ತಿರ 'ಐ ಹ್ಯಾವ್ ಟು ಟೇಕ್ ಆಫ್ ನೌ' ಅಂದರೆ ಹೊರಡಬೇಕು ಕಣ್ರೀ ಅಂದ ಹಾಗೆ. ಆಫೀಸಿನ ಪತ್ರದಲ್ಲಿ ಬರೆಯಬೇಡಿ.

*ವ್ಯಾಪಾರ ಕುದುರುವುದು.* 'ಹರ್ ಪಿಕಲ್ ಬಿಸಿನೆಸ್ ಹ್ಯಾಸ್ ಟೇಕನ್ ಆಫ್.' ಅವಳ ಉಪ್ಪಿನಕಾಯಿ ವ್ಯಾಪಾರ ಕುದುರಿಬಿಟ್ಟಿದೆ. ಮೆಲ್ಲಗೆ ಬೆಳೆದದ್ದಕ್ಕೆ ಇದು ಸಲ್ಲದು. ಇಷ್ಟು ದಿನ ನೆಲದ ಮೇಲೆ ಓಡುತ್ತಿದ್ದದ್ದು ಒಂದು ಹಂತದಲ್ಲಿ ಸರ್ರನೆ ಮೇಲೆದ್ದಿರಬೇಕು. ಅಮೆರಿಕದ ಅರ್ಥಶಾಸ್ತ್ರಜ್ಞ ವಾಲ್ಟ್ ರೋಸ್ಟೋ 1960ರಲ್ಲಿ ದೇಶಗಳ ಆರ್ಥಿಕ ಬೆಳವಣಿಗೆಗೆ 5 ಹಂತ ಗುರುತಿಸಿ, 3ನೆಯದಕ್ಕೆ 'ಟೇಕ್-ಆಫ್' ಎಂದೇ ಹೆಸರಿಟ್ಟ. ಅರ್ಥಶಾಸ್ತ್ರ ಓದಿದವರಿಗೆ ಅದು ಗೊತ್ತಿರುತ್ತದೆ. ಆದರೆ ಮೂಲ ಚಿತ್ರ ವಿಮಾನದ್ದು ಅಂತ ಯಾಕೋ ಕ್ಲಾಸಿನಲ್ಲಿ ಯಾರೂ ಹೇಳುವುದಿಲ್ಲ.

*ರಜೆ.* ಇಲ್ಲಿ ಬಂಗಾಳಿಯವರು ನಮಗಿಂತ ಅದೃಷ್ಟವಂತರು. ಅವರದ್ದು 'ಛುಟಿ ನೇವಾ', ರಜೆ ತೆಗೆದುಕೊಳ್ಳುವುದು. ನೇರವಾಗಿ 'ಟೇಕ್' ಸಿಕ್ಕಿಬಿಡುತ್ತದೆ. ನಾವು ರಜೆ 'ಹಾಕುತ್ತೇವೆ'. ಹಾಗಾಗಿ ಬೆಂಗಳೂರಿನ ಆಫೀಸುಗಳಲ್ಲಿ 'ಐ ಪುಟ್ ಲೀವ್' ಅಂತ ದಿನಾ ಕೇಳಿಸುತ್ತದೆ. ಹೊರಗಿನವರಿಗೆ ಅದು ಅರ್ಥವಾಗುವುದು ಕಷ್ಟ. 'ಐ ಟುಕ್ ಮಂಡೇ ಆಫ್', 'ಕೆನ್ ಐ ಟೇಕ್ ಟೂ ಡೇಸ್ ಆಫ್?' ಅನ್ನಿ. ದಿನದ ಲೆಕ್ಕವನ್ನು ನಡುವೆ ಇಡುವುದೇ ಸುರಕ್ಷಿತ.

*ಬೆಲೆಯಲ್ಲಿ ಕಮ್ಮಿ ಮಾಡುವುದು.* 'ಹಿ ಟುಕ್ ಫಿಫ್ಟಿ ರುಪೀಸ್ ಆಫ್ ದ ಪ್ರೈಸ್.' ಇಲ್ಲಿ ಪದಗಳ ಸಾಲು ಗಟ್ಟಿ: ಟೇಕ್, ಎಷ್ಟು, ಆಫ್, ಯಾವುದರಿಂದ. ಇದೇ ಅಚ್ಚಿನಲ್ಲಿ ಬೇರೆ ಮಾತುಗಳೂ ಬರುತ್ತವೆ. 'ಟೇಕ್ ಯುವರ್ ಫೀಟ್ ಆಫ್ ದ ಸೀಟ್', ಸೀಟಿನ ಮೇಲಿಂದ ಕಾಲು ತೆಗಿ. 'ಹಿ ಕುಡಂಟ್ ಟೇಕ್ ಹಿಸ್ ಐಸ್ ಆಫ್ ದ ಸ್ಕ್ರೀನ್', ಸ್ಕ್ರೀನಿನಿಂದ ಅವನಿಗೆ ಕಣ್ಣು ಕೀಳಲಾಗಲಿಲ್ಲ. 'ದಟ್ ಹೇರ್‌ಕಟ್ ಟೇಕ್ಸ್ ಟೆನ್ ಇಯರ್ಸ್ ಆಫ್ ಯು', ಆ ಕಟಿಂಗಿನಲ್ಲಿ ನೀವು ಹತ್ತು ವರ್ಷ ಚಿಕ್ಕವರಾಗಿ ಕಾಣುತ್ತೀರಿ. ಕೊನೆಯದನ್ನು ಯಾರಿಗೆ ಹೇಳಿದರೂ ನಷ್ಟವಿಲ್ಲ.

*ಪಟ್ಟಿಯಿಂದ, ಕೆಲಸದಿಂದ ಸರಿಸುವುದು.* ಹೋಟೆಲಿನ ಮೆನುವಿನಿಂದ ತಿಂಡಿ ಹೋಯಿತು, ಮಾರ್ಗದಿಂದ ಬಸ್ಸು ಹೋಯಿತು. ಕ್ರಿಕೆಟ್ ನೋಡುವವರಿಗೆ ಇದು ಚೆನ್ನಾಗಿ ಗೊತ್ತು: ಬೌಲರ್ ಹೊಡೆಸಿಕೊಂಡರೆ 'ಹಿ ವಾಸ್ ಟೇಕನ್ ಆಫ್ ಆಫ್ಟರ್ ಟೂ ಓವರ್ಸ್', ಎರಡು ಓವರಿಗೇ ಬೌಲಿಂಗ್‌ನಿಂದ ತೆಗೆದರು. ಆಫೀಸಿನವರು ಒಂದು ಸೂಕ್ಷ್ಮ ಗಮನಿಸಿ. 'ಪ್ರಾಜೆಕ್ಟ್‌ನಿಂದ ತೆಗೆದರು' ಅನ್ನುವುದಕ್ಕೆ 'ಐ ವಾಸ್ ಟೇಕನ್ ಆಫ್ ದ ಪ್ರಾಜೆಕ್ಟ್' ಸರಿ. ಆದರೆ 'ಕೆಲಸದಿಂದ ತೆಗೆದರು' ಅಂದರೆ 'ಫೈರ್ಡ್'. ಕನ್ನಡದಲ್ಲಿ ಎರಡೂ ತೆಗೆಯುವುದೇ. ಮನೆಗೆ ಫೋನ್ ಮಾಡಿ ಹೇಳುವಾಗ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ!

*ಅಣಕ.* ಯಾರದೋ ಮಾತು, ನಡಿಗೆ ಅನುಕರಿಸಿ ನಗಿಸುವುದಕ್ಕೂ ಬ್ರಿಟಿಷರು 'ಟೇಕ್ ಆಫ್' ಅನ್ನುತ್ತಾರೆ. ಓದುವಾಗ ಸಿಕ್ಕರೆ ಗೊತ್ತಿರಲಿ. ನಾವು ಬಳಸುವ ಅಗತ್ಯವಿಲ್ಲ, ನಮಗೆ 'ಮಿಮಿಕ್ರಿ' ಇದೆ.

ಹೆಜ್ಜೆ 6: ಕಾಲ ಬದಲಿಸಿ ನೋಡಿ

ಟೇಕ್, ಟುಕ್, ಟೇಕನ್. ಇದು ಎಲ್ಲರಿಗೂ ಬಾಯಿಪಾಠ. ತಪ್ಪಾಗುವುದು ಇನ್ನೊಂದು ಕಡೆ. 'ದ ಫ್ಲೈಟ್ ವಾಸ್ ಟೇಕನ್ ಆಫ್' ಅಂತ ತುಂಬ ಜನ ಬರೆಯುತ್ತಾರೆ. ಏಳುವ ಕುಟುಂಬದಲ್ಲಿ 'ಏನನ್ನು' ಎಂಬುದೇ ಇಲ್ಲ, ಹಾಗಾಗಿ ಕರ್ಮಣಿಯೂ ಇಲ್ಲ. 'ದ ಫ್ಲೈಟ್ ಟುಕ್ ಆಫ್' ಅಥವಾ 'ಹ್ಯಾಸ್ ಟೇಕನ್ ಆಫ್'. ಮೇಲಿನ ಬೌಲರಿಗೆ 'ವಾಸ್ ಟೇಕನ್ ಆಫ್' ಸರಿ, ಯಾಕೆಂದರೆ ಅವನನ್ನು ಕ್ಯಾಪ್ಟನ್ ತೆಗೆದ.

ಬರೆಯುವಾಗ ನಡುವೆ ಗೆರೆ ಹಾಕಿದ 'ಟೇಕ್-ಆಫ್' ನಾಮಪದ. ಹೇಳುವಾಗ ಒತ್ತು 'ಟೇಕ್' ಮೇಲೆ. ಕ್ರಿಯಾಪದವಾದರೆ ಗೆರೆ ಬೇಡ, ಒತ್ತು 'ಆಫ್' ಮೇಲೆ. ನಮಗೆ ಎಲ್ಲ ಅಕ್ಷರವನ್ನೂ ಸಮನಾಗಿ ಹೇಳಿ ಅಭ್ಯಾಸ. ಹಾಗಾಗಿ ಜೋರಾಗಿ ಹೇಳಿ ರೂಢಿ ಮಾಡಿಕೊಳ್ಳಿ.

ಹೆಜ್ಜೆ 7: ಅಕ್ಕಪಕ್ಕದವರ ಜೊತೆ ಗೊಂದಲ ಬೇಡ

ಮೇಲಿದ್ದದ್ದು 'ಆಫ್', ಒಳಗಿದ್ದದ್ದು 'ಔಟ್'. ಕೈಯಿಂದ ವಾಚು 'ಟೇಕ್ ಆಫ್', ಜೇಬಿನಿಂದ ಪರ್ಸು 'ಟೇಕ್ ಔಟ್'. ಹಲ್ಲು ಕೀಳಿಸುವುದು 'ಔಟ್', ಅದು ವಸಡಿನ ಒಳಗಿರುತ್ತದೆ. ಪಾತ್ರೆಯ ಮುಚ್ಚಳ 'ಆಫ್', ಪಾತ್ರೆಯೊಳಗಿನ ಸೌಟು 'ಔಟ್'. ಇಷ್ಟು ನೆನಪಿದ್ದರೆ ಅರ್ಧ ಗೊಂದಲ ಮುಗಿಯಿತು.

'ಪುಟ್ ಆಫ್' ಅಂತ ಇನ್ನೊಂದಿದೆ, ಅದು ಮುಂದೂಡುವುದು. 'ಪುಟ್ ಆನ್'ಗೆ ಎದುರು ಮಾತು 'ಪುಟ್ ಆಫ್' ಇರಬೇಕು ಅಂತ ಅನಿಸುವುದು ಸಹಜ. ಬಟ್ಟೆಯ ವಿಷಯದಲ್ಲಿ ಅಲ್ಲ. 'ಪುಟ್ ಆಫ್ ಯುವರ್ ಕೋಟ್' ಅನ್ನುವ ರೂಢಿ ಈಗಿಲ್ಲ. 'ಗೋ ಆಫ್' ಅಂತೂ ಎರಡು ನಾಲಿಗೆಯದು. ಲೈಟು 'ಗೋ ಆಫ್' ಆದರೆ ಆರುತ್ತದೆ, ಅಲಾರಂ 'ಗೋ ಆಫ್' ಆದರೆ ಹೊಡೆದುಕೊಳ್ಳುತ್ತದೆ. ಅದರ ಕಥೆ ಇನ್ನೊಮ್ಮೆ.

ಹೆಜ್ಜೆ 8: ಎರಡು ವಾರದ ಅಭ್ಯಾಸ

ದಿನಕ್ಕೆ ಒಂದೇ ಅರ್ಥ ತೆಗೆದುಕೊಳ್ಳಿ. ನಿಮ್ಮ ಬದುಕಿನ ಮೂರು ವಾಕ್ಯ ಬರೆಯಿರಿ. ಗೈಡಿನ ಉದಾಹರಣೆ ನಕಲು ಮಾಡಬೇಡಿ, ಅದು ನೆನಪಿನಲ್ಲಿ ಉಳಿಯುವುದಿಲ್ಲ. ನಿಮ್ಮ ಮಗನ ಹೆಲ್ಮೆಟ್, ನಿಮ್ಮ ಸೋಮವಾರ, ನಿಮ್ಮ ಬೀದಿಯ ಅಂಗಡಿಯವರು ಕಡಿಮೆ ಮಾಡಿದ 20 ರೂಪಾಯಿ ಇರಲಿ. ಪ್ರತಿ ವಾಕ್ಯವನ್ನೂ ಇನ್ನೊಮ್ಮೆ 'ಇಟ್' ಅಥವಾ 'ದೆಮ್' ಹಾಕಿ ಬರೆಯಿರಿ, ಏಳುವ ಕುಟುಂಬದ ಮಾತುಗಳಿಗೆ ಬೇಡ. ಎಂಟು ಅರ್ಥಕ್ಕೆ ಎಂಟು ದಿನ. ಉಳಿದ ದಿನ ಇಂಗ್ಲಿಷ್ ಪತ್ರಿಕೆ ಓದಿ, ಕ್ರಿಕೆಟ್ ಕಾಮೆಂಟರಿ ಕೇಳಿ, 'ಟೇಕ್ ಆಫ್' ಸಿಕ್ಕಲ್ಲೆಲ್ಲ 'ಏನನ್ನು?' ಅಂತ ಕೇಳಿ.

ಈಗ ಒಂದು ಸಣ್ಣ ಪರೀಕ್ಷೆ. ಇವನ್ನು ಇಂಗ್ಲಿಷಿನಲ್ಲಿ ಹೇಳಿ, ಆಮೇಲೆ ಕೆಳಗೆ ನೋಡಿ.

ನಾಳೆ ರಜೆ ಹಾಕ್ತೀನಿ. ಕನ್ನಡಕ ಒದ್ದೆಯಾಗಿದೆ, ಅದನ್ನು ತೆಗಿ. ಮಳೆಗೆ ವಿಮಾನ ತಡವಾಗಿ ಎದ್ದಿತು. ಬಿಲ್ ನೋಡಿದ್ದೇ ತಡ, ಅವನು ಕಂಬಿ ಕಿತ್ತ. ಜೇಬಿನಿಂದ ಕೈ ತೆಗಿ. ಶೂ ತೆಗೆದು ಒಳಗೆ ಬನ್ನಿ, ಒಂದು ಫೋಟೋ ತೆಗೆಯೋಣ.

ಮೊದಲನೆಯದು 'ಐ ಆಮ್ ಟೇಕಿಂಗ್ ಟುಮಾರೋ ಆಫ್'. ಎರಡನೆಯದರಲ್ಲಿ ಕನ್ನಡಕ ಇಂಗ್ಲಿಷಿಗೆ ಯಾವಾಗಲೂ ಬಹುವಚನ, ಹಾಗಾಗಿ 'ಯುವರ್ ಗ್ಲಾಸಸ್ ಆರ್ ವೆಟ್, ಟೇಕ್ ದೆಮ್ ಆಫ್'. ಮೂರನೆಯದು 'ದ ಪ್ಲೇನ್ ಟುಕ್ ಆಫ್ ಲೇಟ್ ಬಿಕಾಸ್ ಆವ್ ದ ರೈನ್'. ನಾಲ್ಕು, 'ಹಿ ಸಾ ದ ಬಿಲ್ ಅಂಡ್ ಟುಕ್ ಆಫ್'. ಐದನೆಯದು ಬೇಕಂತಲೇ ಇಟ್ಟ ಬಲೆ. ಕೈ ಜೇಬಿನ ಒಳಗಿದೆ, ಆದ್ದರಿಂದ 'ಟೇಕ್ ಯುವರ್ ಹ್ಯಾಂಡ್ಸ್ ಔಟ್ ಆವ್ ಯುವರ್ ಪಾಕೆಟ್ಸ್'. ಕೊನೆಯದು ದಾದಾನಿಗೂ ನನಗೂ ಸೇರಿ ಇರುವ ವಾಕ್ಯ: 'ಟೇಕ್ ಆಫ್ ಯುವರ್ ಶೂಸ್ ಅಂಡ್ ಕಮ್ ಇನ್, ಲೆಟ್ಸ್ ಟೇಕ್ ಎ ಫೋಟೋ'.